ಹಳೆಯ ಗುಡ್ಡದ ಎಸ್ಟೇಟಿನಲ್ಲಿ ಕೆಂಪು ವೈನ್ ದ್ರಾಕ್ಷಿ: ನೀರಿನ ದಾರಿಯಿಂದ ಕೊಯ್ಲಿನವರೆಗೆ

ಕಲ್ಲುಗೋಡೆಗಳ ಮೆಟ್ಟಿಲು ಸಾಲು, ಸೂರು ಕುಸಿದ ಗಾಣದ ಮನೆ, ಪೊದೆಗಳ ನಡುವೆ ಅಲ್ಲೊಂದು ಇಲ್ಲೊಂದು ಮುದಿ ಬಳ್ಳಿ. ಇಂಥ ಹಳೆಯ ಗುಡ್ಡದ ತೋಟ ಕೈಗೆ ಬಂದವರು ಮೊದಲು ಕೇಳುವುದು ‘ಯಾವ ತಳಿ ನೆಡಲಿ?’ ಎಂದು. ಆ ಮಾತಿಗೆ ಇನ್ನೂ ಒಂದು ವರ್ಷ ಹೊತ್ತಿದೆ. ಅದಕ್ಕೂ ಮುಂಚೆ, ಜೋರು ಮಳೆ ಸುರಿಯುತ್ತಿರುವಾಗಲೇ ಕೊಡೆ ಹಿಡಿದು ತೋಟದ ನೆತ್ತಿಯಿಂದ ಬುಡದವರೆಗೆ ಒಮ್ಮೆ ನಡೆದು ಬನ್ನಿ. ನೀರು ಎಲ್ಲಿಂದ ಹೊರಡುತ್ತದೆ, ಎಲ್ಲಿ ಮಗ್ಗುಲು ಬದಲಿಸುತ್ತದೆ, ಯಾವ ಗೋಡೆಯ ಸಂದಿಯಿಂದ ತಿಳಿಯಾಗಿ ಜಿನುಗುತ್ತದೆ, ಯಾವ ಗೋಡೆಯ ನೆತ್ತಿಯ ಮೇಲಿಂದ ಕೆಸರಾಗಿ ಧುಮುಕುತ್ತದೆ ಎಂಬುದನ್ನು ನೋಡಿ, ಒಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ಹತ್ತು ವರ್ಷ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಕಾಗದ ಅದೇ.

ಗುಡ್ಡದ ಓರೆಯಲ್ಲಿ ಮಣ್ಣು ತೆಳು, ನೀರು ನಿಲ್ಲುವುದಿಲ್ಲ. ಬಳ್ಳಿ ಸೊಕ್ಕಿ ಬೆಳೆಯುವುದಿಲ್ಲ, ಕಾಳು ಸಣ್ಣದಾಗುತ್ತದೆ. ತಿನ್ನುವ ದ್ರಾಕ್ಷಿಗೆ ಇದು ದೋಷ, ಕೆಂಪು ವೈನಿಗೆ ಇದೇ ವರ. ಅಲಿಕಾಂಟೆ ಬುಷೆಯಂಥ ಕೆಲವೇ ತಳಿಗಳನ್ನು ಬಿಟ್ಟರೆ ಕಪ್ಪು ದ್ರಾಕ್ಷಿಯ ತಿರುಳಿಗೆ ಬಣ್ಣವೇ ಇಲ್ಲ. ಬಣ್ಣವಿರುವುದು ಸಿಪ್ಪೆಯಲ್ಲಿ, ಒಗರು ಇರುವುದು ಸಿಪ್ಪೆ ಮತ್ತು ಬೀಜದಲ್ಲಿ. ಕಾಳು ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು.

ಹೆಜ್ಜೆ 1: ಒಂದು ವರ್ಷ ಗುಡ್ಡವನ್ನು ಓದಿ

ನೆತ್ತಿ, ನಡು, ಬುಡ ಮೂರು ಕಡೆಯೂ ಗರಿಷ್ಠ ಹಾಗೂ ಕನಿಷ್ಠ ಉಷ್ಣತೆ ತೋರಿಸುವ ಮಾಪಕಗಳನ್ನು ನೆರಳಿನಲ್ಲಿ ತೂಗುಹಾಕಿ. ಎತ್ತರ 100 ಮೀಟರ್ ಏರಿದರೆ ಉಷ್ಣತೆ ಸರಾಸರಿ 0.6 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಆದರೆ ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆಯೇ ಇಳಿದು ಬುಡದ ತಗ್ಗಿನಲ್ಲಿ ಮಡುಗಟ್ಟುತ್ತದೆ. ಎಳೆ ಚಿಗುರು ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ಹೋದರೆ ಸುಟ್ಟುಹೋಗುತ್ತದೆ. ಬುಡದಲ್ಲಿ ದಟ್ಟ ಬೇಲಿ ಅಥವಾ ಎತ್ತರದ ಗೋಡೆ ಅಡ್ಡ ನಿಂತಿದ್ದರೆ ಅದು ಚಳಿಗೆ ಕಟ್ಟಿದ ಅಣೆಕಟ್ಟು. ಅಲ್ಲಿ ಒಂದು ಕಿಂಡಿ ತೆರೆಯಿರಿ. ಹಳೆಯ ಎಸ್ಟೇಟುಗಳಲ್ಲಿ ಗುಡ್ಡದ ನಡುಭಾಗದ ಬಳ್ಳಿಗೇ ಮರ್ಯಾದೆ ಹೆಚ್ಚು ಇರುತ್ತಿದ್ದುದಕ್ಕೆ ಇದೂ ಒಂದು ಕಾರಣ.

ದಿಕ್ಕನ್ನೂ ನೋಡಿ. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಓರೆ ಹೆಚ್ಚು ಬಿಸಿಲುಣ್ಣುತ್ತದೆ. ಪೂರ್ವದ ಓರೆಯಲ್ಲಿ ಬೆಳಗಿನ ಬಿಸಿಲಿಗೆ ಇಬ್ಬನಿ ಬೇಗ ಆರುತ್ತದೆ, ರೋಗ ಕಡಿಮೆ. ಪಶ್ಚಿಮದ ಓರೆಯಲ್ಲಿ ಸಂಜೆಯ ಬಿಸಿಲು ಹಣ್ಣನ್ನು ಬಾಡಿಸಬಹುದು. ಬಿಸಿ ನಾಡಿನಲ್ಲಿ ಪೂರ್ವವನ್ನೂ ತಂಪು ನಾಡಿನಲ್ಲಿ ಸೂರ್ಯನತ್ತ ತಿರುಗಿದ ಓರೆಯನ್ನೂ ನಾನು ಆರಿಸುತ್ತೇನೆ.

ಹಳೆಯ ಕಾಗದಪತ್ರ, ಭೂಪಟಗಳಿದ್ದರೆ ಓದಿ, ಎಲ್ಲವನ್ನೂ ನಂಬಬೇಡಿ. ಹಿಂದಿನವರು ಎಷ್ಟೋ ಕಡೆ ದ್ರಾಕ್ಷಿಯನ್ನು ಗುಡ್ಡಕ್ಕೆ ಹತ್ತಿಸಿದ್ದು ವೈನಿನ ರುಚಿಗಾಗಿ ಅಲ್ಲವೇ ಅಲ್ಲ, ಬಯಲಿನ ಒಳ್ಳೆಯ ಮಣ್ಣು ಕಾಳುಕಡಿಗೆ ಬೇಕಿತ್ತು ಎಂಬ ಕಾರಣಕ್ಕೆ. ಪಾಳುಬಿದ್ದ ಮೆಟ್ಟಿಲುಗಳೆಲ್ಲ ಕೆಟ್ಟ ನೆಲವೆಂದೂ ತಿಳಿಯಬೇಡಿ. ಪೋರ್ಚುಗಲ್‌ನ ಡೌರೊ ಕಣಿವೆಯಲ್ಲಿ 19ನೇ ಶತಮಾನದಲ್ಲಿ ಬೇರುಹೇನು ಎಂಬ, ಬಳ್ಳಿಯ ಬೇರನ್ನು ಹೀರುವ ಕೀಟದ ಹಾವಳಿಯ ನಂತರ ಕೈಬಿಟ್ಟ ಮೆಟ್ಟಿಲುಗಳು ಇಂದಿಗೂ ಕಾಣುತ್ತವೆ. ಅಲ್ಲಿಯವರು ಅವುಗಳನ್ನು ‘ಮೊರ್ತೋರಿಯೊ’ ಎನ್ನುತ್ತಾರೆ, ಅಂದರೆ ಸತ್ತ ತೋಟ. ಸತ್ತದ್ದು ಬಳ್ಳಿ, ನೆಲವಲ್ಲ.

ಕಾನೂನಿನ ಬಾಗಿಲನ್ನೂ ಇದೇ ವರ್ಷದಲ್ಲಿ ತಟ್ಟಿಬಿಡಿ. ಐರೋಪ್ಯ ಒಕ್ಕೂಟದಲ್ಲಿ 2016ರಿಂದ ವೈನ್ ದ್ರಾಕ್ಷಿ ನೆಡಲು ಅನುಮತಿ ಪತ್ರ ಬೇಕು. ಗಡಿ ಗುರುತಿಸಿದ ವೈನ್ ಪ್ರದೇಶಗಳಲ್ಲಿ ತಳಿಯ ಆಯ್ಕೆಯೂ ನಿಮ್ಮ ಇಷ್ಟದಂತೆ ನಡೆಯುವುದಿಲ್ಲ. ಇಂಥ ಗಡಿಗಳೂ ಹಳೆಯವೇ: ಟಸ್ಕನಿಯ ಕಿಯಾಂತಿ ಪ್ರದೇಶಕ್ಕೆ 1716ರಲ್ಲಿ, ಡೌರೊಗೆ 1756ರಲ್ಲಿ ಗಡಿ ಹಾಕಲಾಯಿತು. ಪಾರಂಪರಿಕ ಸ್ಥಳವೆಂದು ಘೋಷಣೆಯಾದ ಕಡೆ ಒಂದು ಗೋಡೆ ಕೆಡವುವುದಕ್ಕೂ ಕೇಳಬೇಕಾಗಬಹುದು.

ಹೆಜ್ಜೆ 2: ಗೋಡೆ ಮತ್ತು ಕಾಲುವೆ

ಹಣ ಇಲ್ಲಿಯೇ ಖರ್ಚಾಗುತ್ತದೆ, ಆಗಲಿ. ಗಾರೆಯಿಲ್ಲದೆ ಕಟ್ಟಿದ ಒಣಕಲ್ಲಿನ ಗೋಡೆ ನಿಜದಲ್ಲಿ ಒಂದು ಜರಡಿ: ಮಣ್ಣನ್ನು ಹಿಡಿಯಬೇಕು, ನೀರನ್ನು ಬಿಡಬೇಕು. ಈ ಕಟ್ಟುವ ವಿದ್ಯೆಯನ್ನು ಯುನೆಸ್ಕೊ 2018ರಲ್ಲಿ ಇಟಲಿ, ಫ್ರಾನ್ಸ್, ಗ್ರೀಸ್ ಸೇರಿದಂತೆ ಎಂಟು ದೇಶಗಳ ಹೆಸರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರುವ ಹೊತ್ತಿಗೆ ಕಟ್ಟಬಲ್ಲವರ ಸಂಖ್ಯೆ ಕಡಿಮೆಯಾಗಿರುತ್ತದೆ ಎಂಬುದು ಬೇರೆ ಮಾತು.

ಮಳೆ ನಿಂತ ಮರುದಿನ ಗೋಡೆಗಳ ಮುಂದೆ ನಿಂತು ನೋಡಿ. ಆರೋಗ್ಯವಾಗಿರುವ ಗೋಡೆಯ ಕೆಳಗಿನ ಸಾಲುಗಳ ಸಂದುಗಳು ಒದ್ದೆಯಾಗಿರುತ್ತವೆ. ಕಾಯಿಲೆ ಬಿದ್ದ ಗೋಡೆಯ ನಡುವಿಗೆ ಹೊಟ್ಟೆ ಬಂದಿರುತ್ತದೆ. ಆ ಉಬ್ಬಿನ ಮೇಲೆ ಅಂಗೈ ಇಟ್ಟು ಒಂದೆರಡು ಕಲ್ಲು ಅಲುಗಿಸಿದರೆ ಒಳಗಿನಿಂದ ನುಣುಪು ಮಣ್ಣು ಉದುರುತ್ತದೆ. ಒಳತುಂಬಿನ ಚೂರುಕಲ್ಲುಗಳ ನಡುವೆ ವರ್ಷಗಟ್ಟಲೆ ಕೂತ ಹೂಳು ಅದು. ನೀರಿಗೆ ಹೊರದಾರಿ ಸಿಗದೆ ಗೋಡೆಯನ್ನೇ ತಳ್ಳುತ್ತಿದೆ ಎಂದು ಅರ್ಥ. ಇದನ್ನು ನೋಡಿ ಗಾಬರಿಯಾದವರು ಮಾಡುವ ಮೊದಲ ಕೆಲಸ ಸಂದುಗಳಿಗೆ ಸಿಮೆಂಟ್ ಮೆತ್ತುವುದು. ಅದಕ್ಕಿಂತ ಕೆಟ್ಟ ಮದ್ದು ಇನ್ನೊಂದಿಲ್ಲ. ಅಳಿದುಳಿದ ದಾರಿಯೂ ಮುಚ್ಚಿ, ಯಾವುದೋ ದೊಡ್ಡ ಮಳೆಗೆ ಇಡೀ ಗೋಡೆ ಒಂದೇ ತುಂಡಾಗಿ ಮಗುಚಿಕೊಳ್ಳುತ್ತದೆ.

ಉಬ್ಬಿದ ಭಾಗವನ್ನು ಮೇಲಿನಿಂದ ಕೆಳಕ್ಕೆ ಬಿಚ್ಚಿ. ಕಲ್ಲುಗಳನ್ನು ರಾಶಿ ಹಾಕದೆ ವಿಂಗಡಿಸಿಡಿ: ಬುಡದ ದೊಡ್ಡ ಕಲ್ಲು, ಮುಖದ ಕಲ್ಲು, ಉದ್ದ ಕಲ್ಲು, ಒಳತುಂಬಿನ ಚೂರು, ತಲೆಗೆ ಹೊದಿಸುವ ಭಾರದ ಕಲ್ಲು. ಗಟ್ಟಿ ನೆಲ ಸಿಗುವವರೆಗೆ ಅಡಿಪಾಯ ತೋಡಿ. ಪ್ರತಿ ಕಲ್ಲಿನ ಉದ್ದ ಗೋಡೆಯ ಒಳಮುಖವಾಗಿ ಹೋಗಲಿ, ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಒಂದು ಕಲ್ಲು ಕೂರಲಿ. ಮೀಟರ್ ಎತ್ತರಕ್ಕೆ 10ರಿಂದ 20 ಸೆಂಟಿಮೀಟರಿನಷ್ಟು ಗುಡ್ಡದ ಕಡೆಗೆ ಒರಗಿಸಿ. ಅಲ್ಲಲ್ಲಿ ಉದ್ದ ಕಲ್ಲುಗಳನ್ನು ಗೋಡೆಯ ದಪ್ಪದಷ್ಟೂ ತೂರಿಸಿ. ಒಳತುಂಬನ್ನು ಸಲಿಕೆಯಲ್ಲಿ ಸುರಿಯದೆ ಕೈಯಲ್ಲಿ ಒಂದೊಂದಾಗಿ ಜೋಡಿಸಿ. ಒಂದು ಹಿಡಿ ಮಣ್ಣೂ ಬೇಡ. ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಜಲ್ಲಿ ಪದರ. ಎರಡು ಮೀಟರ್ ಮೀರಿದ ಗೋಡೆಯಾದರೆ ತಿಳಿದ ಎಂಜಿನಿಯರನ್ನು ಕರೆಸಿ, ಅಲ್ಲಿ ಧೈರ್ಯ ಮಾಡಬೇಡಿ.

ಜೋರು ಮಳೆ ಬೀಳುವ ಕಡೆ ಪ್ರತಿ ಮೆಟ್ಟಿಲಿನ ನೆಲವನ್ನು ಒಳಬದಿಗೆ ತುಸು ಇಳಿಜಾರು ಮಾಡಿ, ಅಲ್ಲಿಂದ ನೂರಕ್ಕೆ ಒಂದೋ ಎರಡೋ ಇಳಿಯುವ ಬಸಿಗಾಲುವೆಯನ್ನು ಪಕ್ಕದ ಕಲ್ಲು ಹಾಸಿದ ದೊಡ್ಡ ಕಾಲುವೆಗೆ ಕೂಡಿಸಿ. ಹಳೆಯ ಎಸ್ಟೇಟಿನಲ್ಲಿ ಆ ದೊಡ್ಡ ಕಾಲುವೆ ಬಹುತೇಕ ಇದ್ದೇ ಇರುತ್ತದೆ, ಪೊದೆಯಡಿ ಹೂತಿರುತ್ತದೆ. ಹೊಸದನ್ನು ತೋಡುವ ಮುಂಚೆ ಅದನ್ನು ಹುಡುಕಿ.

ಹೆಜ್ಜೆ 3: ಮಣ್ಣು, ಹಳೆಯ ಬೇರು, ಹಳೆಯ ತಾಮ್ರ

ಪ್ರತಿ ಬಗೆಯ ಮೆಟ್ಟಿಲಿನಲ್ಲೂ ಒಂದೂವರೆ ಮೀಟರ್ ಆಳದ ಗುಂಡಿ ತೆಗೆದು ಒಳಗಿಳಿದು ನೋಡಿ. ಪದರಗಲ್ಲು ನೆಟ್ಟಗೆ ಸೀಳಿದ್ದರೆ ಬೇರು ಆ ಸೀಳುಗಳಲ್ಲಿ ಮೀಟರುಗಟ್ಟಲೆ ಇಳಿಯುತ್ತದೆ. ಡೌರೊದಲ್ಲೂ ಸ್ಪೇನ್‌ನ ಪ್ರಿಯೊರಾಟ್‌ನಲ್ಲೂ ಒಣ ಬೇಸಿಗೆಯನ್ನು ಬಳ್ಳಿ ದಾಟುವುದು ಹೀಗೆ. ಅದೇ ಕಲ್ಲು ಅಡ್ಡಲಾಗಿ ಹಾಸಿದ್ದರೆ ಬೇರು ಅಲ್ಲಿಗೇ ನಿಲ್ಲುತ್ತದೆ. ಗುಂಡಿಯ ಗೋಡೆಯಲ್ಲಿ ಬೂದು, ತುಕ್ಕು ಬಣ್ಣದ ಮಚ್ಚೆ ಕಂಡರೆ ಅಲ್ಲಿ ವರ್ಷದ ಕೆಲವು ತಿಂಗಳು ನೀರು ನಿಲ್ಲುತ್ತದೆ, ಬಸಿಯದೆ ನೆಡಬೇಡಿ.

ಹಳೆಯ ದ್ರಾಕ್ಷಿ ನೆಲಕ್ಕೆ ಎರಡು ವಿಶೇಷ ಪರೀಕ್ಷೆ ಬೇಕು. ಒಂದು ತಾಮ್ರದ್ದು. ದಶಕಗಟ್ಟಲೆ ಸಿಂಪಡಿಸಿದ ಬೋರ್ಡೊ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ ರೋಗದ ಮದ್ದು) ತಾಮ್ರ ಮೇಲ್ಮಣ್ಣಿನಲ್ಲಿ ಹಾಗೇ ಉಳಿದಿರುತ್ತದೆ. ಹುಳಿ ಮಣ್ಣಿನಲ್ಲಿ ಅದು ಎಳೆ ಬೇರಿಗೆ ವಿಷ. ಇನ್ನೊಂದು ಜಂತುಹುಳುವಿನದು. ‘ಕ್ಸಿಫಿನೀಮಾ ಇಂಡೆಕ್ಸ್’ ಎಂಬ ಜಂತು ಎಲೆಯನ್ನು ಬೀಸಣಿಗೆಯಂತೆ ವಿಕಾರ ಮಾಡುವ ವೈರಸ್ಸನ್ನು ಬೇರಿನಿಂದ ಬೇರಿಗೆ ದಾಟಿಸುತ್ತದೆ. ಕಿತ್ತ ಬಳ್ಳಿಯ ಬೇರಿನ ಚೂರುಗಳು ವರ್ಷಗಟ್ಟಲೆ ಜೀವ ಹಿಡಿದಿರುವುದರಿಂದ ಆ ಜಂತುವೂ ಅಲ್ಲಿಯೇ ಬದುಕಿರುತ್ತದೆ. ಬೇರುಗಳನ್ನು ಆದಷ್ಟೂ ಆರಿಸಿ ತೆಗೆದು, ಕೆಲವು ವರ್ಷ ಹುಲ್ಲು ಮತ್ತು ದ್ವಿದಳ ಬೆಳೆಗೆ ಬಿಡುವುದೇ ಮದ್ದು. ಗೋಡೆ ಕಟ್ಟುವ ಕೆಲಸಕ್ಕೆ ಹೇಗೂ ಅಷ್ಟು ಸಮಯ ಹಿಡಿಯುತ್ತದೆ.

ಬದುಕುಳಿದ ಮುದಿ ಬಳ್ಳಿಗಳ ಮೇಲೆ ಎಲ್ಲರಿಗೂ ಮೋಹ. ಅವುಗಳ ಕಡ್ಡಿಯಿಂದಲೇ ಹೊಸ ಸಸಿ ಮಾಡುವುದು ಚೆಂದದ ಯೋಚನೆ, ಆದರೆ ಪ್ರಯೋಗಾಲಯದಲ್ಲಿ ವೈರಸ್ ಪರೀಕ್ಷೆ ಮಾಡಿಸದೆ ಬೇಡ. ಕೊಯ್ಲಿನ ಹೊತ್ತಿಗೆ ಎಲೆ ಕೆಂಪಾಗಿ, ನರ ಮಾತ್ರ ಹಸಿರಾಗಿ, ಅಂಚು ಕೆಳಕ್ಕೆ ಸುರುಳಿ ಸುತ್ತಿದ್ದರೆ ಅದು ಮಾಗಿದ ಸೊಬಗು ಎಂದುಕೊಂಡು ಫೋಟೊ ತೆಗೆಯುವವರಿದ್ದಾರೆ. ಬಹಳ ಸಲ ಅದು ಎಲೆಸುರುಳಿ ವೈರಸ್. ಹಿಟ್ಟು ತಿಗಣೆ ಅದನ್ನು ಬಳ್ಳಿಯಿಂದ ಬಳ್ಳಿಗೆ ಹರಡುತ್ತದೆ, ಸಕ್ಕರೆಯೂ ಬಣ್ಣವೂ ಕೂಡುವುದಿಲ್ಲ.

ಹೆಜ್ಜೆ 4: ತಳಿಯೂ ಬೇರುಸಸಿಯೂ

ಈಗ ತಳಿಯ ಮಾತು. ಕ್ಯಾಬರ್ನೆ ಸೋವಿನ್ಯೋಂ ತಡವಾಗಿ ಚಿಗುರಿ ತಡವಾಗಿ ಮಾಗುತ್ತದೆ. ವಸಂತದ ಚಳಿಯಿಂದ ತಪ್ಪಿಸಿಕೊಳ್ಳುತ್ತದೆ, ಆದರೆ ಶರತ್ಕಾಲದ ಮಳೆ ಬೇಗ ಬರುವ ಕಡೆ ಕಾಯಿಗಾಯಿಯೇ ಉಳಿದುಬಿಡುತ್ತದೆ. ಮೆರ್ಲೋ ಬೇಗ ಚಿಗುರುತ್ತದೆ, ಬೇಗ ಮಾಗುತ್ತದೆ, ಜೇಡಿಯನ್ನು ಸಹಿಸುತ್ತದೆ. ಸಿರಾಗೆ ಬಿಸಿಲು ಬೇಕು. ಫ್ರಾನ್ಸಿನ ರೋನ್ ಕಣಿವೆಯ ಎರ್ಮಿತಾಜ್ ಗುಡ್ಡದ ಗ್ರಾನೈಟಿನಲ್ಲಿ ಹೆಸರು ಮಾಡಿದ್ದು ಅದೇ. ಗ್ರೆನಾಶ್ ಬರಕ್ಕೂ ಗಾಳಿಗೂ ಬಗ್ಗುವುದಿಲ್ಲ. ಪಿನೋ ನುವಾರ್‌ಗೆ ತಂಪು ಬೇಕು, ಸಿಪ್ಪೆ ತೆಳು, ಸ್ವಭಾವ ಇನ್ನೂ ತೆಳು. ಬುಡದ, ನಡುವಿನ, ನೆತ್ತಿಯ ಹವೆ ಬೇರೆಬೇರೆಯೆಂದು ನಿಮ್ಮ ಮಾಪಕಗಳು ಹೇಳಿದ್ದರೆ ಒಂದೇ ತಳಿಯನ್ನು ಇಡೀ ಗುಡ್ಡಕ್ಕೆ ಹೊದಿಸುವ ಹಟ ಬೇಡ.

ತಳಿಗಿಂತ ಬೇರುಸಸಿಯಲ್ಲಿ, ಅಂದರೆ ಕುಡಿಯನ್ನು ಕಸಿ ಕಟ್ಟುವ ಬುಡದ ಗಿಡದಲ್ಲಿ, ತಪ್ಪಿದರೆ ನಷ್ಟ ಹೆಚ್ಚು. ಉತ್ತರ ಅಮೆರಿಕದ ಬೇರುಹೇನು ಫಿಲಾಕ್ಸೆರಾ 1860ರ ದಶಕದಲ್ಲಿ ಫ್ರಾನ್ಸಿಗೆ ಬಂದು ಯುರೋಪಿನ ತೋಟಗಳನ್ನು ಒಣಗಿಸಿದ ಮೇಲೆ, ಅದನ್ನು ತಡೆಯಬಲ್ಲ ಅಮೆರಿಕದ ಬೇರಿನ ಮೇಲೆ ಯುರೋಪಿನ ಕುಡಿಯನ್ನು ಕಸಿ ಕಟ್ಟುವುದು ನಿಯಮವಾಯಿತು. ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಕವಾಗಿ ನೆಟ್ಟ ಎಎಕ್ಸ್‌ಆರ್1 ಎಂಬ ಬೇರುಸಸಿಯಲ್ಲಿ ಯುರೋಪಿನ ದ್ರಾಕ್ಷಿಯ ರಕ್ತವೂ ಇತ್ತು. 1980ರ ದಶಕದಲ್ಲಿ ಅದು ಹೇನಿಗೆ ಸೋತು, ಸಾವಿರಾರು ಎಕರೆ ಕಿತ್ತು ನೆಡಬೇಕಾಯಿತು. ಒಣ, ತೆಳು ಮಣ್ಣಿನ ಓರೆಗೆ 110 ರಿಕ್ಟರ್, 140 ರುಗ್ಗೆರಿ, 1103 ಪಾಲ್ಸೆನ್ ಎಂಬ ಬೇರುಸಸಿಗಳು ಬರ ತಡೆಯುತ್ತವೆ. ನೀರು, ಗೊಬ್ಬರ ಇಳಿದು ಸೇರುವ ಬುಡದ ಮೆಟ್ಟಿಲಿಗೆ ಅವನ್ನು ಹಾಕಿದರೆ ಬಳ್ಳಿ ಸೊಕ್ಕುತ್ತದೆ. ಅಲ್ಲಿಗೆ 101-14ರಂಥ ಸಾಧು ಬೇರು ಸಾಕು. ಸುಣ್ಣದ ಅಂಶ ಹೆಚ್ಚಿದ್ದರೆ 41ಬಿ ಅಥವಾ ಫೆರ್ಕಾಲ್ ಕೇಳಿ.

ಹೆಜ್ಜೆ 5: ಸಾಲು ಹಿಡಿಯುವುದು, ನೆಡುವುದು

ಗೋಡೆಯಿರುವ ಮೆಟ್ಟಿಲಿನಲ್ಲಿ ಸಾಲು ಗೋಡೆಯ ಜೊತೆಗೇ ಹೋಗುತ್ತದೆ. ಗೋಡೆಯಿಲ್ಲದ ಓರೆಯಲ್ಲಿ ಸಮಪಾತಳಿ ಗೆರೆ, ಅಂದರೆ ಒಂದೇ ಎತ್ತರದಲ್ಲಿ ಸಾಗುವ ಗೆರೆ, ಹಿಡಿಯಬೇಕು. ಎರಡು ಮೀಟರ್ ಉದ್ದದ ಎರಡು ಕೋಲುಗಳ ತಲೆ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಹೊಡೆದು, ತಲೆಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಿ. ನೆಲದ ಮೇಲಿಟ್ಟು ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಮಾಡಿ, ಎರಡೂ ಕಾಲುಗಳನ್ನು ಅದಲುಬದಲು ಮಾಡಿ ಅದೇ ಜಾಗದಲ್ಲಿಟ್ಟು ಇನ್ನೊಂದು ಗುರುತು ಮಾಡಿ. ಎರಡರ ನಟ್ಟನಡುವೆ ದಾರ ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ. ಈ ಚೌಕಟ್ಟನ್ನು ಹೆಜ್ಜೆ ಹಾಕಿಸುತ್ತಾ ಗೂಟ ಹೊಡೆಯುತ್ತಾ ಹೋದರೆ ಗೆರೆ ತಾನೇ ಮೂಡುತ್ತದೆ.

ಯಂತ್ರದ ಅನುಕೂಲಕ್ಕೆ ಮೇಲಿನಿಂದ ಕೆಳಕ್ಕೆ ನೇರ ಸಾಲು ಹಾಕುವುದೂ ಉಂಟು. ಹಾಗೆ ಹಾಕಿದರೆ ಸಾಲಿನ ನಡುವೆ ಹುಲ್ಲು ಹೊದಿಕೆ ಇರಲೇಬೇಕು, ಇಲ್ಲವಾದರೆ ಮಣ್ಣು ನಿಮ್ಮ ಕೆಳಗಿನವರ ಪಾಲು. ಓರೆ ನೂರಕ್ಕೆ 30 ಮೀರಿದರೆ, ಅಂದರೆ ಸುಮಾರು 17 ಡಿಗ್ರಿ ದಾಟಿದರೆ, ಸಾಮಾನ್ಯ ಚಕ್ರದ ಟ್ರ್ಯಾಕ್ಟರ್ ಓಡಿಸುವ ಆಸೆ ಬಿಡಿ.

ನೆಡುವುದು ಚಳಿಗಾಲದ ಕೊನೆಗೆ, ಸಸಿ ಇನ್ನೂ ಮಲಗಿರುವಾಗ. ಬೇರನ್ನು ರಾತ್ರಿಯಿಡೀ ನೀರಿನಲ್ಲಿಟ್ಟು, ಮಡಚದೆ ಕೆಳಮುಖವಾಗಿ ಬಿಟ್ಟು ಮಣ್ಣು ತುಳಿಯಿರಿ. ಕಸಿಯ ಗಂಟು ಮಣ್ಣಿನಿಂದ ಎಂಟು ಹತ್ತು ಸೆಂಟಿಮೀಟರ್ ಮೇಲಿರಲಿ. ಓರೆಯಲ್ಲಿ ಮೇಲಿನ ಮಣ್ಣು ಜಾರಿ ಗಂಟನ್ನು ಮುಚ್ಚುತ್ತದೆ, ಕುಡಿ ತನ್ನದೇ ಬೇರು ಬಿಡುತ್ತದೆ, ಆಮೇಲೆ ಕಸಿ ಕಟ್ಟಿದ್ದಕ್ಕೆ ಅರ್ಥವಿಲ್ಲ. ಮೊದಲ ಎರಡು ಬೇಸಿಗೆ ಅಪರೂಪಕ್ಕೆ, ಆದರೆ ಆಳವಾಗಿ ನೀರು ಕೊಡಿ.

ಹೆಜ್ಜೆ 6: ಸವರುವುದು

ಮೊದಲ ವರ್ಷ ಬೇರಿಗೆ, ಎರಡನೆಯದು ಕಾಂಡಕ್ಕೆ, ಮೂರನೆಯ ವರ್ಷ ತುಸು ಹಣ್ಣು. ಅವಸರ ಮಾಡಿ ಎರಡನೇ ವರ್ಷವೇ ಗೊಂಚಲು ಬಿಟ್ಟುಕೊಂಡವರ ಬಳ್ಳಿ ಬಹುಕಾಲ ಚೇತರಿಸಿಕೊಳ್ಳುವುದಿಲ್ಲ. ಆಕಾರ ನೆಲಕ್ಕೆ ತಕ್ಕಂತೆ. ತಂತಿ ಎಳೆಯಬಹುದಾದ ಮೆಟ್ಟಿಲಿನಲ್ಲಿ ತೋಳು ಹಬ್ಬಿಸಿ ಎರಡೆರಡು ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಮೋಟು ಬಿಡುವುದು ಸುಲಭ. ಕಡಿದಾದ ಓರೆಯಲ್ಲಿ ಒಂಟಿ ಗೂಟಕ್ಕೆ ಕಟ್ಟುವ ಕ್ರಮವೇ ಮೇಲು. ರೋನ್ ಕಣಿವೆಯ ಕೋತ್ ರೋತಿಯಲ್ಲಿ ಸಿರಾ ಬಳ್ಳಿ ಇಂದಿಗೂ ಗೂಟಕ್ಕೆ ಅಂಟಿಕೊಂಡೇ ನಿಂತಿದೆ, ಸುತ್ತಲೂ ಓಡಾಡಬಹುದು.

ಎಷ್ಟು ಕಣ್ಣು ಬಿಡಬೇಕೆಂಬುದಕ್ಕೆ ತಕ್ಕಡಿ ಉತ್ತರ ಹೇಳುತ್ತದೆ. ಕೊಯ್ಲಿನಲ್ಲಿ ಒಂದು ಬಳ್ಳಿಯ ಹಣ್ಣು ತೂಗಿಡಿ, ಚಳಿಗಾಲದಲ್ಲಿ ಅದೇ ಬಳ್ಳಿಯ ಸವರಿದ ಕಡ್ಡಿ ತೂಗಿ. ಹಣ್ಣು ಕಡ್ಡಿಯ ಐದರಿಂದ ಹತ್ತು ಪಟ್ಟು ಇದ್ದರೆ ಬಳ್ಳಿ ಹದದಲ್ಲಿದೆ. ಅದಕ್ಕಿಂತ ಕಡಿಮೆಯಿದ್ದರೆ ಬಳ್ಳಿ ಸೊಕ್ಕಿದೆ, ಮುಂದಿನ ವರ್ಷ ಕಣ್ಣು ಹೆಚ್ಚು ಬಿಡಿ. ಹೆಚ್ಚಿದ್ದರೆ ದಣಿದಿದೆ, ಕಡಿಮೆ ಮಾಡಿ. ಸವರುವುದು ಒಣ ಹವೆಯಲ್ಲಿ, ಆದಷ್ಟು ತಡವಾಗಿ. ಮಳೆಯಲ್ಲಿ ಕತ್ತರಿಸಿದ ಗಾಯದೊಳಗೆ ಕಾಂಡ ಒಣಗಿಸುವ ಶಿಲೀಂಧ್ರ ಇಳಿಯುತ್ತದೆ, ಅದರ ಫಲ ಹತ್ತು ವರ್ಷದ ಮೇಲೆ ಕಾಣುತ್ತದೆ.

ಹೆಜ್ಜೆ 7: ಬೇಸಿಗೆಯ ಕಾವಲು

ಗೊಂಚಲಿನ ಸುತ್ತಲಿನ ಎಲೆಯನ್ನು ಬೆಳಗಿನ ಬಿಸಿಲಿನ ಮಗ್ಗುಲಲ್ಲಿ ಮಾತ್ರ ತೆಗೆಯಿರಿ. ಬೆಳಕು ಬಿದ್ದರೆ ಕ್ಯಾಬರ್ನೆಯ ಹಸಿ ದೊಣ್ಣೆಮೆಣಸಿನಕಾಯಿ ವಾಸನೆ ತಗ್ಗುತ್ತದೆ. ಸಂಜೆಯ ಮಗ್ಗುಲನ್ನೂ ಬೋಳಿಸಿದರೆ ಹಣ್ಣು ಬೇಯುತ್ತದೆ. ಕಾಳಿನ ಬಿಸಿ 35 ಡಿಗ್ರಿ ದಾಟಿದರೆ ಸಿಪ್ಪೆಗೆ ಬಣ್ಣ ಕೂಡುವುದೂ ಕುಂಟುತ್ತದೆ.

ಬೂದಿ ರೋಗಕ್ಕೆ ಗಂಧಕ, ಎಲೆಯಡಿ ಬಿಳಿ ಬೂಜು ಬರಿಸುವ ಬೂಜು ತುಪ್ಪಟ ರೋಗಕ್ಕೆ ತಾಮ್ರ. ಚಿಗುರು 10 ಸೆಂಟಿಮೀಟರ್ ಆಗಿ, ಉಷ್ಣತೆ 10 ಡಿಗ್ರಿ ಮೀರಿ, ದಿನದೊಳಗೆ 10 ಮಿಲಿಮೀಟರ್ ಮಳೆ ಬಿದ್ದಿತೆಂದರೆ ಬೂಜು ತುಪ್ಪಟದ ಮೊದಲ ಸೋಂಕು ಹೊಸ್ತಿಲಲ್ಲಿದೆ ಎಂದು ತಿಳಿಯಿರಿ. ಬೋರ್ಡೊ ದ್ರಾವಣ ಹುಟ್ಟಿದ ಕಥೆ ಸೊಗಸಾಗಿದೆ. ದಾರಿಹೋಕರು ಹಣ್ಣು ಕದಿಯದಿರಲೆಂದು ಫ್ರಾನ್ಸಿನ ಬೋರ್ಡೊ ಬಳಿಯ ಮೆಡೊಕ್‌ನ ಬೆಳೆಗಾರರು ರಸ್ತೆಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿದಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಮದ್ದನ್ನು ಪ್ರಕಟಿಸಿದ. ಆದರೂ ಕೈ ಬಿಗಿಯಿರಲಿ: ಐರೋಪ್ಯ ಒಕ್ಕೂಟ ಈಗ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕಿಲೊ ತಾಮ್ರಕ್ಕಷ್ಟೇ ಒಪ್ಪುತ್ತದೆ.

ಗೊಂಚಲು ಕತ್ತರಿಸಿ ಫಸಲು ಇಳಿಸುವ ಚಪಲ ಗುಡ್ಡದಲ್ಲಿ ಬೇಡ, ಅಲ್ಲಿ ಇಳುವರಿ ಮೊದಲೇ ಕಡಿಮೆ. ಬಣ್ಣ ತಿರುಗುವುದು ಮುಗಿಯುತ್ತಾ ಬಂದಾಗಲೂ ಹಸಿರಾಗಿಯೇ ಉಳಿದ ಗೊಂಚಲುಗಳನ್ನು ತೆಗೆದರೆ ಸಾಕು.

ಹೆಜ್ಜೆ 8: ಕೊಯ್ಲು

ಬಣ್ಣ ತಿರುಗಿದ ಮೂರ್ನಾಲ್ಕು ವಾರಕ್ಕೆ ಹದ ನೋಡಲು ಆರಂಭಿಸಿ. ನೆತ್ತಿ, ನಡು, ಬುಡದಿಂದ ಬೇರೆಬೇರೆ ಚೀಲದಲ್ಲಿ ನೂರು ನೂರು ಕಾಳು. ಗೊಂಚಲಿನ ಎರಡೂ ಮಗ್ಗುಲಿನಿಂದ, ಕಣ್ಣು ಬೇರೆಡೆ ಇಟ್ಟು ಕೀಳಿ. ನೋಡಿ ಕಿತ್ತರೆ ಕೈ ತಾನಾಗಿ ಒಳ್ಳೆಯ ಕಾಳಿಗೇ ಹೋಗುತ್ತದೆ. ಹಿಂಡಿ, ರಸದ ಸಕ್ಕರೆ ಅಳೆಯುವ ಬ್ರಿಕ್ಸ್ ಮಾಪಕದಲ್ಲಿ ನೋಡಿ. 22ರಿಂದ 25ರ ನಡುವೆ ಇರಬೇಕು. 24 ಬ್ರಿಕ್ಸ್ ಎಂದರೆ ವೈನಿನಲ್ಲಿ ಶೇಕಡಾ 13.5ರ ಆಸುಪಾಸು ಮದ್ಯಾಂಶ. ಪಿಎಚ್ (ಹುಳಿ ಕಡಿಮೆಯಾದಷ್ಟೂ ಏರುವ ಅಳತೆ) 3.7 ದಾಟಲು ಬಿಡಬೇಡಿ.

ಆಮೇಲೆ ಬಾಯಿಗೆ ಹಾಕಿಕೊಳ್ಳಿ. ಕಾಳನ್ನು ಹಲ್ಲಿನಲ್ಲಿ ಒಡೆದು ತಿರುಳು ನುಂಗಿ, ಸಿಪ್ಪೆಯನ್ನು ದವಡೆಯಲ್ಲಿ ಹತ್ತು ಹದಿನೈದು ಸಲ ಅಗಿಯಿರಿ. ಸಿಪ್ಪೆ ನುರಿದು ಬೆರಳಿಗೆ ಬಣ್ಣ ಬಿಡಬೇಕು, ಒಗರು ನಾಲಿಗೆಯನ್ನು ಹಿಡಿದು ಬಿಡಬೇಕು, ಒಣಗಿಸಿ ಅಂಟಿಕೊಳ್ಳಬಾರದು. ಬೀಜವನ್ನು ಅಂಗೈಗೆ ಉಗುಳಿ ನೋಡಿ: ಹಸಿರಾಗಿದ್ದರೆ ಇನ್ನೂ ಹಸಿ. ಕಂದಾಗಿ, ಕಚ್ಚಿದರೆ ಕಟಕ್ಕೆಂದು ಒಡೆದು ಹುರಿದ ಕಾಳಿನ ರುಚಿ ಕೊಟ್ಟರೆ ಮಾಗಿದೆ. ಮಾಪಕವೂ ನಾಲಿಗೆಯೂ ಜಗಳವಾಡಿದರೆ, ಮಳೆಯ ಮುನ್ಸೂಚನೆ ಇಲ್ಲದಿದ್ದಾಗ ನಾನು ನಾಲಿಗೆಯ ಮಾತು ಕೇಳುತ್ತೇನೆ.

ಎಲ್ಲ ಮೆಟ್ಟಿಲೂ ಒಂದೇ ದಿನ ಹದಕ್ಕೆ ಬರುವುದಿಲ್ಲ. ಮಾಗಿದ ಪಾಲನ್ನು ಮೊದಲು ಕೊಯ್ದು ಬೇರೆಯಾಗಿಯೇ ಹುದುಗಿಸಿ. ಬೆಳಗಿನ ತಂಪಿನಲ್ಲಿ, 15 ಕಿಲೊಗಿಂತ ಹೆಚ್ಚು ಹಿಡಿಯದ ಕ್ರೇಟಿನಲ್ಲಿ. ಕಲ್ಲುಮೆಟ್ಟಿಲು ಇಳಿಯುವವರ ಮಂಡಿಗೂ ಅಡಿಯ ಗೊಂಚಲಿಗೂ ಅದಕ್ಕಿಂತ ಭಾರ ಒಳ್ಳೆಯದಲ್ಲ.

ಕೊನೆಯ ಕ್ರೇಟ್ ಒಳಗೆ ಹೋದ ವಾರವೇ, ಕೆಲಸದವರು ಇನ್ನೂ ಇರುವಾಗ, ಬಸಿಗಾಲುವೆಗಳ ಹೂಳು ತೆಗೆಸಿ. ಅವುಗಳಲ್ಲಿ ವರ್ಷವಿಡೀ ಕೂತ ಆ ಮಣ್ಣು ನೆತ್ತಿಯ ಮೆಟ್ಟಿಲಿನದು. ಬುಟ್ಟಿಗೆ ತುಂಬಿಸಿ, ಮೇಲಕ್ಕೆ ಹೊರಿಸಿ.